ಪಕ್ಕದವರ ತೋಟಕ್ಕೆ ಹೋದಾಗ ಏನು ನೋಡಬೇಕು, ಏನು ಹೇಳಬೇಕು?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಊರು. ಹನ್ನೆರಡು ಮನೆಯವರು ಸೇರಿ, ತಿಂಗಳಿಗೊಬ್ಬರ ಅಡಿಕೆ ತೋಟಕ್ಕೆ ಹೋಗಿ ನೋಡುವುದು, ಗೊತ್ತಿದ್ದದ್ದನ್ನು ಪರಸ್ಪರ ಹೇಳಿಕೊಳ್ಳುವುದು ಎಂದು ಶುರುಮಾಡಿದೆವು. ಮೂರು ತೋಟ ಆಯಿತು. ಹೋಗುತ್ತೇವೆ, ಸುತ್ತುತ್ತೇವೆ, ‘ಚೆನ್ನಾಗಿದೆ ಮಾರಾಯ್ರೆ’ ಅನ್ನುತ್ತೇವೆ, ಅವಲಕ್ಕಿ ತಿಂದು ಬರುತ್ತೇವೆ. ನಾಲ್ಕನೆಯ ಮನೆಯವರು ‘ನಮ್ಮಲ್ಲಿಗೆ ಸದ್ಯ ಬೇಡ’ ಎಂದುಬಿಟ್ಟಿದ್ದಾರೆ. ಇಂಥ ಭೇಟಿಯಲ್ಲಿ ನಿಜವಾಗಿ ಏನು ನೋಡಬೇಕು? ಸಲಹೆ ಹೇಗೆ ಕೊಡಬೇಕು? ತೋಟಗಾರಿಕೆ ಇಲಾಖೆಯವರನ್ನು ಕರೆಯಬೇಕೆ?

ಉತ್ತರ: ನಾಲ್ಕನೆಯ ಮನೆಯವರಿಂದಲೇ ಶುರುಮಾಡೋಣ, ಏಕೆಂದರೆ ನಿಮ್ಮ ಉಳಿದ ಪ್ರಶ್ನೆಗಳ ಗಂಟು ಅಲ್ಲೇ ಇದೆ. ಅವರು ಬೇಡ ಎಂದದ್ದು ಜಂಬಕ್ಕಲ್ಲ. ಫಸಲು ಚೆನ್ನಾಗಿದ್ದರೆ ಹತ್ತು ಜನರ ಕಣ್ಣು ಬಿದ್ದೀತು ಎಂಬ ಅಳುಕು, ಚೆನ್ನಾಗಿಲ್ಲದಿದ್ದರೆ ಹತ್ತು ಜನರ ಬಾಯಿಗೆ ಬಿದ್ದೇನು ಎಂಬ ಅಳುಕು. ಎರಡೂ ನಮ್ಮ ಕಡೆ ಹೊಸದಲ್ಲ. ಕೊನೆ (ಅಡಿಕೆಯ ಗೊಂಚಲು) ತುಂಬಿ ಬಂದ ಮರವನ್ನು ತೋರಿಸಿ ಮಾತಾಡಲು ಹಿರಿಯರು ಈಗಲೂ ಒಪ್ಪುವುದಿಲ್ಲ. ಇದನ್ನು ಮೂಢನಂಬಿಕೆ ಎಂದು ನಕ್ಕು ತಳ್ಳಿದರೆ ಅವರೂ ಬರುವುದಿಲ್ಲ, ಅವರ ಅನುಭವವೂ ಬರುವುದಿಲ್ಲ.

ಇದಕ್ಕೆ ಒಂದು ಸುಲಭದ ದಾರಿ ಇದೆ. ‘ನಿಮ್ಮ ತೋಟ ನೋಡಲು ಬರುತ್ತೇವೆ’ ಎನ್ನಬೇಡಿ. ‘ನಿಮಗೆ ತಲೆಬಿಸಿ ಕೊಡುತ್ತಿರುವ ಜಾಗ ಯಾವುದು? ಅದೊಂದನ್ನು ಎಲ್ಲರೂ ಸೇರಿ ನೋಡೋಣ’ ಎನ್ನಿ. ಯಾವ ತೋಟದಲ್ಲಿ ಅಂಥ ಜಾಗ ಇಲ್ಲ ಹೇಳಿ. ಹೆಚ್ಚು ತಗ್ಗಿನ ಸಾಲು, ಬಿಸಿಲು ಬಡಿಯುವ ಪಶ್ಚಿಮದ ಅಂಚು, ಎಷ್ಟು ಗೊಬ್ಬರ ಹಾಕಿದರೂ ಏಳದ ಮೂವತ್ತು ಮರ, ಹೀಗೆ ಏನಾದರೊಂದು ಇದ್ದೇ ಇರುತ್ತದೆ. ಯಜಮಾನರೇ ಪ್ರಶ್ನೆ ಇಟ್ಟಾಗ ಬಂದವರು ಪರೀಕ್ಷಕರಂತೆ ಕಾಣುವುದಿಲ್ಲ. ಮೊದಲು ಮುಯ್ಯಾಳು (ಒಬ್ಬರಿಗೊಬ್ಬರು ಸರದಿಯಲ್ಲಿ ಮಾಡಿಕೊಡುವ ಕೆಲಸ) ಕೂಡಿ ಅಡಿಕೆ ಸುಲಿಯುತ್ತಿದ್ದ ಊರುಗಳಿಗೆ ಈ ಸರದಿಯ ಲೆಕ್ಕವನ್ನು ಯಾರೂ ಕಲಿಸಬೇಕಿಲ್ಲ. ಇವತ್ತು ಅವರ ಕಷ್ಟದ ಮೂಲೆ, ಮುಂದಿನ ತಿಂಗಳು ನಿಮ್ಮದು, ಅಷ್ಟೇ.

ನಿಮ್ಮ ಮೂರು ಭೇಟಿಗಳು ಹೇಗೆ ನಡೆದಿರಬಹುದು ಎಂದು ಊಹಿಸಬಲ್ಲೆ. ಮನೆಯಂಗಳದಿಂದ ಹೊರಟು, ಯಜಮಾನರಿಗೆ ಹೆಮ್ಮೆಯಿರುವ ಸಾಲುಗಳ ನಡುವೆ ಹಾದು, ಹೊಸ ಪಂಪ್‌ಸೆಟ್ ನೋಡಿ, ಮತ್ತೆ ಅಂಗಳಕ್ಕೆ. ನಾಲ್ಕು ಎಕರೆ ತೋಟವನ್ನು ಒಂದು ಗಂಟೆಯಲ್ಲಿ ಹೀಗೆ ಸುತ್ತಿದರೆ ಯಾರ ಕಣ್ಣಿಗೂ ಏನೂ ನಿಲ್ಲುವುದಿಲ್ಲ. ನಲವತ್ತು ಮರ ಸಾಕು. ಅದೇ ನಲವತ್ತು ಮರಗಳ ಕೆಳಗೆ ಒಂದು ಗಂಟೆ ನಿಲ್ಲಿ, ಆಮೇಲೆ ಒಂದು ಗಂಟೆ ಕೂತು ಮಾತಾಡಿ. ನಿಂತಿರುವ ಆ ಮೊದಲ ಗಂಟೆಯಲ್ಲಿ ಯಾರೂ ಸಲಹೆ ಕೊಡಕೂಡದು ಎಂಬುದು ಕಟ್ಟುನಿಟ್ಟಾಗಿರಲಿ. ಹಳದಿ ಸೋಗೆ (ಅಡಿಕೆ ಮರದ ಎಲೆ) ಕಂಡ ಕೂಡಲೇ ‘ಪೊಟ್ಯಾಷ್ ಕಮ್ಮಿಯಾಗಿದೆ’ ಎಂದು ಯಾರೋ ಒಬ್ಬರು ತೀರ್ಪು ಕೊಟ್ಟರೆ ಮುಗಿಯಿತು, ಉಳಿದ ಹನ್ನೊಂದು ಜನ ನೋಡುವುದನ್ನೇ ನಿಲ್ಲಿಸುತ್ತಾರೆ. ತೀರ್ಪು ಕೊಡುವವರು ಸಾಮಾನ್ಯವಾಗಿ ಊರಿನ ದೊಡ್ಡ ತೋಟದವರೇ ಆಗಿರುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇನೆ. ಆದ್ದರಿಂದ ಭೇಟಿ ನಡೆಸುವ ಹೊಣೆಯನ್ನು ಅವರಿಗೆ ಕೊಡಬೇಡಿ.

ಮಾತಿಗಿಂತ ಮೊದಲು ಎಣಿಕೆ ಎಂಬ ಈ ಕ್ರಮಕ್ಕೆ ಒಳ್ಳೆಯ ಹಿನ್ನೆಲೆ ಇದೆ. ಇಂಡೊನೇಷ್ಯಾದಲ್ಲಿ ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಭತ್ತಕ್ಕೆ ಕಂದು ಜಿಗಿಹುಳು ವಿಪರೀತ ಬಿತ್ತು. ಸರ್ಕಾರವೇ ಸಬ್ಸಿಡಿ ಕೊಟ್ಟು ಹೊಡೆಸಿದ ಕೀಟನಾಶಕಗಳು ಜಿಗಿಹುಳುವಿಗಿಂತ ಹೆಚ್ಚಾಗಿ ಅದನ್ನು ತಿನ್ನುವ ಜೇಡಗಳನ್ನೂ ಇತರ ಮಿತ್ರಕೀಟಗಳನ್ನೂ ಕೊಂದಿದ್ದವು. ಹೊಡೆದಷ್ಟೂ ಹುಳು ಹೆಚ್ಚಿತು. 1986ರಲ್ಲಿ ಅಲ್ಲಿನ ಅಧ್ಯಕ್ಷರ ಆದೇಶದಿಂದ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಿದರು. 1989ರಿಂದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಲ್ಲಿ ರೈತರ ಕ್ಷೇತ್ರ ಪಾಠಶಾಲೆಗಳು ಶುರುವಾದವು. ಇಪ್ಪತ್ತೈದು ರೈತರ ಆಸುಪಾಸಿನ ಗುಂಪು, ಬಿತ್ತನೆಯಿಂದ ಕೊಯ್ಲಿನವರೆಗೆ ವಾರಕ್ಕೊಮ್ಮೆ ಒಂದೇ ಗದ್ದೆಗೆ ಹೋಗುವುದು. ಬುಡ ಬುಡ ಬಿಡಿಸಿ ಹುಳು ಎಷ್ಟು, ಜೇಡ ಎಷ್ಟು ಎಂದು ಎಣಿಸುವುದು. ಕಂಡದ್ದನ್ನು ದೊಡ್ಡ ಹಾಳೆಯ ಮೇಲೆ ಚಿತ್ರವಾಗಿ ಬರೆಯುವುದು. ಆಮೇಲೆ ಮಾತ್ರ ‘ಈ ವಾರ ಏನು ಮಾಡೋಣ’ ಎಂಬ ಚರ್ಚೆ. ಜೇಡ ನಿಜಕ್ಕೂ ಜಿಗಿಹುಳು ತಿನ್ನುತ್ತದೆಯೇ ಎಂದು ಸಂಶಯ ಬಂದರೆ ಎರಡನ್ನೂ ಒಂದೇ ಬಲೆಗೂಡಿನಲ್ಲಿ ಹಾಕಿಟ್ಟು ಮರುದಿನ ನೋಡುವುದು. ನಮ್ಮಲ್ಲೂ ಕೃಷಿ ಇಲಾಖೆಯ ಆತ್ಮ (ಕೃಷಿ ತಂತ್ರಜ್ಞಾನ ನಿರ್ವಹಣಾ ಸಂಸ್ಥೆ) ಯೋಜನೆಯಲ್ಲಿ ಇಂಥ ಪಾಠಶಾಲೆಗಳಿವೆ. ಆದರೆ ನಮ್ಮ ಕಡೆ ಹೆಚ್ಚು ಚಾಲ್ತಿಯಲ್ಲಿರುವುದು ಕ್ಷೇತ್ರೋತ್ಸವ: ಶಾಮಿಯಾನ, ಹಾರ, ಗೆದ್ದ ಬೆಳೆ, ಊಟ. ಅದಕ್ಕೂ ಒಂದು ಉಪಯೋಗ ಇರಬಹುದು, ಆದರೆ ನೀವು ಮಾಡಹೊರಟಿರುವುದು ಬೇರೆ.

ಅಡಿಕೆಗೆ ಇದನ್ನು ಹೇಗೆ ಹೊಂದಿಸಿಕೊಳ್ಳುವುದು? ಯಜಮಾನರು ತೋರಿಸಿದ ಜಾಗದಲ್ಲಿ ನಲವತ್ತು ಮರಗಳನ್ನು ಹಾಳೆಯ ಮೇಲೆ ಚುಕ್ಕಿಗಳಾಗಿ ಗುರುತಿಸಿ, ಸಾಲಿಗೆ ಸಾಲು. ಕಾಲುವೆ, ಧರೆ, ದಾರಿ, ನೆರಳಿನ ಮರ ಎಲ್ಲಿವೆ ಎಂದೂ ಬರೆಯಿರಿ. ಇಬ್ಬಿಬ್ಬರು ಜೊತೆಯಾಗಿ ಒಂದೊಂದು ಸಾಲು ಹಿಡಿದು ಮರಮರಕ್ಕೂ ನೋಡಿ: ತಲೆಯಲ್ಲಿ ಹಸಿರು ಸೋಗೆ ಎಷ್ಟು, ಕೊನೆ ಎಷ್ಟು, ಸುಳಿ ಸಣ್ಣಗಾಗಿದೆಯೇ, ಹಳದಿ ಇದ್ದರೆ ತುದಿಯಿಂದಲೋ ಇಡೀ ಎಲೆಯೋ, ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕಿ ಇದೆಯೇ. ಆರೋಗ್ಯದ ಮರದಲ್ಲಿ ಎಂಟು-ಹತ್ತು ಸೋಗೆ ಇರಬೇಕು. ಆರಕ್ಕಿಳಿದಿದ್ದರೆ ಅದನ್ನು ಬರೆದಿಡಿ. ಎಲೆಚುಕ್ಕಿ ರೋಗ ಮಲೆನಾಡಿನಲ್ಲಿ ಈಚಿನ ವರ್ಷಗಳಲ್ಲಿ ಹಬ್ಬಿದ ಮೇಲೆ ಸೋಗೆಯ ಎಣಿಕೆಗೆ ಮೊದಲಿಗಿಂತ ಹೆಚ್ಚು ಬೆಲೆ ಬಂದಿದೆ, ಏಕೆಂದರೆ ಆ ರೋಗ ಮರವನ್ನು ತಟ್ಟನೆ ಕೊಲ್ಲುವುದಿಲ್ಲ, ಹಸಿರನ್ನು ತಿಂದು ಇಳುವರಿ ಇಳಿಸುತ್ತದೆ.

ಚುಕ್ಕಿಗಳ ಪಟ ತುಂಬಿದ ಮೇಲೆ ದೂರ ಹಿಡಿದು ನೋಡಿ. ಇಲ್ಲೇ ಗುಂಪಿಗೆ ನಿಜವಾದ ಲಾಭ. ಸೊರಗಿದ ಮರಗಳು ಒಂದು ಮರದ ಸುತ್ತ ಗುಂಪಾಗಿ, ಹೊರಹೊರಗೆ ಹಬ್ಬುತ್ತಿವೆಯೇ? ಅಣಬೆ ರೋಗದ ಸಂಶಯ ಪಡಿ. ಅದು ಬೇರಿನಿಂದ ಬೇರಿಗೆ ದಾಟುತ್ತದೆ. ಕಾಂಡದ ಬುಡದಲ್ಲಿ ಕಂದು ಕಲೆ, ಅಂಟಿನಂಥ ಸೋರಿಕೆ ಇದೆಯೇ ಎಂದು ಬಗ್ಗಿ ನೋಡಿ. ರೋಗದ ಮರವನ್ನು ಸುತ್ತಲೂ ಕಾಲುವೆ ತೆಗೆದು ಬೇರ್ಪಡಿಸದಿದ್ದರೆ ಮುಂದಿನ ಸರದಿ ಪಕ್ಕದ ಮರದ್ದು. ಸೊರಗಿದ ಮರಗಳು ಕಾಲುವೆಯ ಗುಂಟ ಸಾಲಾಗಿವೆಯೇ? ಆಗ ಗೊಬ್ಬರದ ಮಾತು ಬಿಡಿ, ನೀರು ನಿಲ್ಲುವುದನ್ನು ನೋಡಿ. ಅಲ್ಲಲ್ಲಿ ಹಳದಿಯಾದ ಮರದ ಬುಡ ಅಗೆದಾಗ ಬೇರು ಕತ್ತರಿಸಿದಂತಿದ್ದರೆ, ಬಿಳಿಯ ದಪ್ಪ ಹುಳ ಸಿಕ್ಕರೆ, ಅದು ಬೇರುಹುಳ. ಪಶ್ಚಿಮದ ಅಂಚಿನ ಮರಗಳಿಗೇ ಕಾಂಡ ಸುಟ್ಟಂತಿದ್ದರೆ ಬಿಸಿಲಿನ ಹೊಡೆತ. ಒಬ್ಬರು ಪ್ರತಿದಿನ ಅದೇ ತೋಟದಲ್ಲಿ ಓಡಾಡಿದರೂ ಈ ವಿನ್ಯಾಸ ಕಾಣುವುದಿಲ್ಲ, ಅವರಿಗೆ ಒಂದೊಂದು ಮರವೂ ಬಿಡಿಬಿಡಿಯಾಗಿ ಪರಿಚಯ. ಹಾಳೆಯ ಮೇಲೆ ಬಿದ್ದಾಗ ಎಂಟನೇ ತರಗತಿಯ ಮಕ್ಕಳೂ ಬೆರಳಿಟ್ಟು ತೋರಿಸುತ್ತಾರೆ.

ಈಗ ತಿಂಗಳಿನ ವಿಷಯ. ‘ತಿಂಗಳಿಗೊಮ್ಮೆ’ ಎಂಬುದು ಕೇಳಲು ಚೆಂದ, ಆದರೆ ವರ್ಷದ ಹನ್ನೆರಡೂ ಭೇಟಿಗೆ ಒಂದೇ ತೂಕವಿಲ್ಲ. ಕೊನೆಕೊಯ್ಲು, ಬೇಯಿಸುವುದು, ಒಣಗಿಸುವುದು ನಡೆದಿರುವಾಗ ಯಾರಿಗೂ ಪುರುಸೊತ್ತಿಲ್ಲ, ಆಗ ಬಿಟ್ಟುಬಿಡಿ. ಬಿಡಲೇಬಾರದ ಎರಡು ಭೇಟಿಗಳೆಂದರೆ ಮಳೆ ಹಿಡಿಯುವ ಮುಂಚಿನದು ಮತ್ತು ಆಷಾಢದ ಜಡಿಮಳೆಯ ನಡುವಿನದು.

ಮಳೆಗೆ ಮುಂಚಿನದರಲ್ಲಿ ತೋಟ ಸುತ್ತುವುದೇ ಬೇಡ, ಯಾರಾದರೊಬ್ಬರ ಅಂಗಳದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣ ಮಾಡಿ. ನಗಬೇಡಿ. ಎಲ್ಲರಿಗೂ ಗೊತ್ತಿದೆ ಎಂದುಕೊಂಡ ಕೆಲಸದಲ್ಲೇ ಹೆಚ್ಚು ಎಡವಟ್ಟು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗದ ಶಿಲೀಂಧ್ರವನ್ನು ಅಭ್ಯಾಸ ಮಾಡಿ, ಅಡಿಕೆ ಕೊನೆಗಳಿಗೆ ಬೋರ್ಡೊ ಹೊಡೆಯುವುದನ್ನು ಮಲೆನಾಡಿಗೆ ರೂಢಿ ಮಾಡಿಸಿದರು. ಅದಕ್ಕೂ ಮೊದಲು ಕೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುವುದೇ ಗತಿಯಾಗಿತ್ತು. ನೂರು ವರ್ಷ ದಾಟಿದರೂ ಪ್ರಮಾಣ ಅದೇ ಶೇಕಡಾ ಒಂದು: ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಆದರೂ ಒಬ್ಬರ ತೋಟದಲ್ಲಿ ಕೊಳೆ ನಿಲ್ಲುತ್ತದೆ, ಬೇಲಿಯಾಚೆ ನಿಲ್ಲುವುದಿಲ್ಲ. ಕಾರಣ ಬಹುಮಟ್ಟಿಗೆ ಸುಣ್ಣ. ಕಳೆದ ವರ್ಷದ ಚೀಲ ಬಾಯಿ ಬಿಚ್ಚಿ ಕೊಟ್ಟಿಗೆಯಲ್ಲಿ ಬಿದ್ದಿದ್ದರೆ ಸುಣ್ಣ ಗಾಳಿ ಕುಡಿದು ಸತ್ವ ಕಳೆದುಕೊಂಡಿರುತ್ತದೆ. ತೂಕಕ್ಕೆ ಒಂದು ಕಿಲೋ ಇದ್ದರೂ ಮೈಲುತುತ್ತದ ಹುಳಿಯನ್ನು ಮುರಿಯುವ ಶಕ್ತಿ ಅದಕ್ಕಿರುವುದಿಲ್ಲ. ಅಂಥ ದ್ರಾವಣ ಹಿಂಗಾರವನ್ನೂ (ಹೂಗೊಂಚಲು) ಎಳೆಕಾಯಿಯನ್ನೂ ಸುಡುತ್ತದೆ.

ಹಾಗಾಗಿ ಪ್ರತಿ ಮನೆಯವರೂ ತಮ್ಮ ತಮ್ಮ ಮೈಲುತುತ್ತ, ತಮ್ಮ ತಮ್ಮ ಸುಣ್ಣ ತರಲಿ. ನೂರು ಗ್ರಾಂ ಮೈಲುತುತ್ತಕ್ಕೆ ಹತ್ತು ಲೀಟರ್ ನೀರಿನ ಲೆಕ್ಕದಲ್ಲಿ ಬಕೆಟ್‌ನಲ್ಲೇ ಮಾಡಬಹುದು. ಎರಡನ್ನೂ ಐದೈದು ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣವನ್ನು ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಿರಿ. ತಿರುವುಮುರುವು ಮಾಡಬೇಡಿ. ಪಾತ್ರೆ ಪ್ಲಾಸ್ಟಿಕ್‌ನದಿರಲಿ, ಕಬ್ಬಿಣದ್ದು ಬೇಡ. ಆಮೇಲೆ ಉಜ್ಜಿ ಹೊಳೆಯಿಸಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿಡಿ. ಅಲಗಿನ ಮೇಲೆ ಕೆಂಪುತಾಮ್ರದ ಛಾಯೆ ಕೂತರೆ ಹುಳಿ ಉಳಿದಿದೆ ಎಂದರ್ಥ. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಮತ್ತೆ ಅದ್ದಿ. ಹನ್ನೆರಡು ಬಕೆಟ್ ಸಾಲಾಗಿ ಇಟ್ಟಾಗ ಒಂದೊಂದರ ಬಣ್ಣ ಒಂದೊಂದು ತರ ಇರುವುದು ಕಣ್ಣಿಗೇ ಕಾಣುತ್ತದೆ. ಆಕಾಶನೀಲಿ ಬಂದದ್ದು ಯಾರದು, ಹಸಿರುಗಟ್ಟಿದ್ದು ಯಾರದು, ಬೇಗ ತಳಕ್ಕೆ ಇಳಿದದ್ದು ಯಾರದು ಎಂದು ನೋಡಿ. ಒಳ್ಳೆಯ ದ್ರಾವಣ ನಿಧಾನ ಇಳಿಯುತ್ತದೆ. ನಿನ್ನೆ ಮಾಡಿಟ್ಟದ್ದನ್ನು ಇವತ್ತು ಹೊಡೆಯುವುದು ಯಾಕೆ ದಂಡ ಎಂಬುದನ್ನೂ ಇದೇ ತೋರಿಸಿಕೊಡುತ್ತದೆ. ಮೊದಲ ಹೊಡೆತ ಮಳೆ ಹಿಡಿಯುವ ಮುಂಚೆ, ಎರಡನೆಯದು 40-45 ದಿನಕ್ಕೆ. ಈಚೆಗೆ ಕೊನೆಗೌಡರು (ಮರ ಹತ್ತಿ ಮದ್ದು ಹೊಡೆಯುವವರು, ಕೊನೆ ಇಳಿಸುವವರು) ಸಿಗುವುದೇ ಕಷ್ಟ, ದೋಟಿ (ಉದ್ದ ಕೋಲು) ಇದ್ದವರೂ ಆಳಿಗಾಗಿ ಸರದಿ ಕಾಯಬೇಕು. ಹನ್ನೆರಡು ಮನೆಯವರು ಅಂಗಳದಲ್ಲಿ ಕೂತಾಗಲೇ ಯಾರ ತೋಟಕ್ಕೆ ಯಾವ ವಾರ ಎಂದು ಹೊಂದಿಸಿಕೊಂಡರೆ, ಇಡೀ ವರ್ಷದ ಭೇಟಿಗಳ ಖರ್ಚು ಅಲ್ಲೇ ಹುಟ್ಟಿದಂತೆ.

ಜಡಿಮಳೆಯ ಭೇಟಿಗೆ ಕೊಡೆ, ಕಂಬಳಿ, ಒಂದು ಹಾರೆ, ನಾಲ್ಕು ಬುಟ್ಟಿ ಬೇಕು. ತೋಟದ ನಲವತ್ತು ಮರಗಳ ಕೆಳಗೆ ಬಿದ್ದ ಕಾಯಿಗಳನ್ನೆಲ್ಲ ಹೆಕ್ಕಿ ತಂದು ಒಂದು ಗೋಣಿಯ ಮೇಲೆ ಸುರಿಯಿರಿ. ಆಮೇಲೆ ಬೇರ್ಪಡಿಸಿ. ತೊಟ್ಟಿನ ಬಳಿ ನೀರು ಹೀರಿದಂತೆ ಕಡುಹಸಿರಾಗಿರುವುದು ಒಂದು ಬುಟ್ಟಿಗೆ. ಹಣ್ಣಾಗುವ ಮೊದಲೇ ಹಳದಿಯಾಗಿ ಸಿಪ್ಪೆ ಸೀಳಿರುವುದು ಇನ್ನೊಂದಕ್ಕೆ, ಅದು ಅಂಡೊಡಕ. ಎಳೆಕಾಯಿಯ ಮೇಲೆ ಸೂಜಿ ಚುಚ್ಚಿದಂಥ ಕಪ್ಪು ಗುರುತಿದ್ದರೆ ತಿಗಣೆಯ ಕೆಲಸ, ಮೂರನೆಯ ಬುಟ್ಟಿಗೆ. ಇದು ಮಳೆಗೆ ಮುಂಚೆ ಹೆಚ್ಚು. ಯಾವುದೆಂದು ತಿಳಿಯದ್ದು ನಾಲ್ಕನೆಯದಕ್ಕೆ. ಮೊದಲ ಬುಟ್ಟಿಯ ಒಂದೆರಡು ಕಾಯಿಗಳನ್ನು ಒದ್ದೆ ಬಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ. ಒಂದೆರಡು ದಿನದಲ್ಲಿ ಬಿಳಿ ಬೂಷ್ಟು ಹಬ್ಬಿದರೆ ಕೊಳೆ ಎಂಬುದಕ್ಕೆ ಬಲವಾದ ಸಾಕ್ಷಿ.

‘ಕಾಯಿ ಉದುರುತ್ತಿದೆ, ಮದ್ದು ಹೊಡೆದರೂ ನಿಲ್ಲಲಿಲ್ಲ’ ಎಂಬ ದೂರಿನ ಅರ್ಧ ಇಲ್ಲೇ ಬಗೆಹರಿಯುತ್ತದೆ. ಅಂಡೊಡಕಕ್ಕೆ ಬೋರ್ಡೊ ಹೊಡೆದರೆ ಏನು ಬಂತು? ಬೇಸಿಗೆಯಲ್ಲಿ ಒಣಗಿಸಿ ಒಮ್ಮೆಲೇ ನೀರುಂಡ ತೋಟದಲ್ಲಿ, ನೀರು ಬಸಿಯದ ತಗ್ಗಿನಲ್ಲಿ ಅದು ಹೆಚ್ಚು. ಕೊಳೆಯಾದರೆ ಹೆಕ್ಕಿದ ಕಾಯಿಯನ್ನು ತೋಟದಲ್ಲೇ ಬಿಡಬಾರದು, ಮತ್ತು ಒಂದು ಕೊನೆ ಕೊಳೆತದ್ದು ಕಂಡರೆ ಅದನ್ನು ಇಳಿಸುವುದು ಮದ್ದಿಗಿಂತ ಮೊದಲ ಕೆಲಸ.

ಈ ಭೇಟಿಗೆ ಮನೆಯ ಹೆಂಗಸರನ್ನೂ ಕಾಯಿ ಹೆಕ್ಕಲು ಬರುವ ಕೆಲಸದವರನ್ನೂ ಬಿಟ್ಟು ಹೋಗಬೇಡಿ. ನಿಮ್ಮ ಪ್ರಶ್ನೆಯಲ್ಲಿ ‘ಹನ್ನೆರಡು ಮನೆಯವರು’ ಎಂದಿದೆ, ಬಹುಶಃ ಹನ್ನೆರಡು ಗಂಡಸರು. ಬಿದ್ದ ಕಾಯಿ ದಿನಾ ಬಗ್ಗಿ ಹೆಕ್ಕುವವರಿಗೆ ಕೊಳೆ ಯಾವ ಸಾಲಿನಿಂದ ಶುರುವಾಯಿತು ಎಂಬುದು ಯಜಮಾನರಿಗಿಂತ ಒಂದು ವಾರ ಮೊದಲೇ ಗೊತ್ತಿರುತ್ತದೆ. ಯಾರೂ ಕೇಳಿರುವುದಿಲ್ಲ, ಅಷ್ಟೇ. ಸುಲಿಯುವಾಗ ಯಾವ ತುಂಡಿನ ಕಾಯಿ ಗಟ್ಟಿ, ಯಾವುದು ಜೊಳ್ಳು ಎಂದು ಹೇಳಬಲ್ಲವರೂ ಅವರೇ.

ಅದೇ ದಿನ ಕಾಲುವೆಗಳನ್ನು ನೋಡಿಬಿಡಿ. ಬೇಸಿಗೆಯಲ್ಲಿ ನೋಡಿದ ಬಸಿಗಾಲುವೆ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ. ಮಳೆಯಲ್ಲಿ ಎರಡು ಮರಗಳ ನಡುವೆ ಹಾರೆಯಲ್ಲಿ ಎರಡಡಿ ಗುಂಡಿ ತೆಗೆದು ಹತ್ತು ನಿಮಿಷ ಕಾಯಿರಿ. ಗುಂಡಿಗೆ ಬದಿಯಿಂದ ನೀರು ಬಂದು ನಿಂತರೆ ಬೇರು ನೀರಿನಲ್ಲೇ ಇದೆ, ಕಾಲುವೆ ಇನ್ನೂ ಆಳವಾಗಬೇಕು ಅಥವಾ ಕೆಳಗೆಲ್ಲೋ ಕಟ್ಟಿಕೊಂಡಿದೆ. ಈ ‘ಕೆಳಗೆಲ್ಲೋ’ ಎಂಬುದು ಸಾಮಾನ್ಯವಾಗಿ ಇನ್ನೊಬ್ಬರ ತೋಟ. ಕಣಿವೆಯ ತೋಟಗಳಲ್ಲಿ ಮೇಲಿನವರ ನೀರು ಕೆಳಗಿನವರ ಕಾಲುವೆಯಲ್ಲೇ ಹೋಗಬೇಕು. ಇಬ್ಬರ ನಡುವೆ ವರ್ಷಗಟ್ಟಲೆ ಮಾತು ನಿಂತ ಉದಾಹರಣೆ ನಿಮ್ಮೂರಲ್ಲೂ ಇರಬಹುದು. ಹನ್ನೆರಡು ಜನ ಮಳೆಯಲ್ಲಿ ನಿಂತು ನೀರಿನ ದಾರಿಯನ್ನು ಮೇಲಿನಿಂದ ಹಳ್ಳದವರೆಗೆ ನಡೆದು ನೋಡಿದಾಗ ಅದು ಇಬ್ಬರ ಜಗಳವಾಗಿ ಉಳಿಯುವುದಿಲ್ಲ. ಆದರೆ ಅಲ್ಲೇ ಪಂಚಾಯ್ತಿ ಮಾಡಲು ಕೂರಬೇಡಿ. ನೀರು ಎಲ್ಲಿ ಕಟ್ಟಿದೆ ಎಂದು ಪಟದಲ್ಲಿ ಬರೆದು ಮುಂದೆ ನಡೆಯಿರಿ. ಗಡಿಕಲ್ಲಿನ ವಿಷಯ ಎತ್ತಿದವರನ್ನು ನಯವಾಗಿ ತಡೆಯಿರಿ.

ಫೆಬ್ರುವರಿ-ಮಾರ್ಚ್‌ನಲ್ಲಿ ಹನಿ ನೀರಾವರಿ ಇದ್ದ ತೋಟದಲ್ಲಿ ಒಂದು ಚಿಕ್ಕ ಕೆಲಸ: ಸಾಲಿನ ಮೊದಲ, ನಡು ಮತ್ತು ಕೊನೆಯ ಮರದ ಹನಿ ಬಾಯಿಗೆ ಒಂದೊಂದು ಬಾಟಲಿ ಇಟ್ಟು ಹದಿನೈದು ನಿಮಿಷ ಹಿಡಿಯಿರಿ. ಗಂಟೆಗೆ ನಾಲ್ಕು ಲೀಟರ್‌ನ ಹನಿ ಬಾಯಿ ಒಂದು ಲೀಟರ್ ಕೊಡಬೇಕು. ಕೊನೆಯ ಬಾಟಲಿಯಲ್ಲಿ ಅರ್ಧವೂ ತುಂಬದಿದ್ದರೆ, ‘ಆ ತುದಿಯ ಮಣ್ಣೇ ಸರಿಯಿಲ್ಲ’ ಎಂಬ ಹಳೆಯ ದೂರಿಗೆ ಉತ್ತರ ಸಿಕ್ಕಿತು. ಬೇಸಿಗೆಯಲ್ಲಿ ಫಸಲಿನ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಲೆಕ್ಕ.

ಗೊಬ್ಬರ ಹಾಕುವ ಕಾಲದ ಭೇಟಿಗೆ ಅಡುಗೆಮನೆಯ ತಕ್ಕಡಿ ತನ್ನಿ. ಶಿಫಾರಸು ಎಲ್ಲರ ಬಾಯಲ್ಲೂ ಇದೆ: ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕಿಲೋ ಸೊಪ್ಪು, 12 ಕಿಲೋ ಕಾಂಪೋಸ್ಟ್. ಚೀಲದ ಗೊಬ್ಬರದ ಲೆಕ್ಕಕ್ಕೆ ತಂದರೆ ಯೂರಿಯಾ ಸುಮಾರು 220 ಗ್ರಾಂ, ಶಿಲಾರಂಜಕ 200 ಗ್ರಾಂ, ಮ್ಯೂರಿಯೇಟ್ ಆಫ್ ಪೊಟ್ಯಾಷ್ 230 ಗ್ರಾಂ ಚಿಲ್ಲರೆ. ತೋಟದಲ್ಲಿ ಮಾತ್ರ ಹಾಕುವುದು ಮುಷ್ಟಿಯಲ್ಲಿ, ಬೊಗಸೆಯಲ್ಲಿ. ಪ್ರತಿಯೊಬ್ಬರೂ ತಮ್ಮ ‘ಒಂದು ಮುಷ್ಟಿ’ ಯೂರಿಯಾವನ್ನು ತಕ್ಕಡಿಗೆ ಸುರಿಯಲಿ. ಅಲ್ಲಿ ಬರುವ ವ್ಯತ್ಯಾಸ ನೋಡಿದ ಮೇಲೆ ಯಾವ ಭಾಷಣವೂ ಬೇಡ.

ಸಲಹೆ ಹೇಗೆ ಕೊಡಬೇಕು ಎಂದು ಕೇಳಿದ್ದೀರಿ. ‘ಹೀಗೆ ಮಾಡಿ’ ಎನ್ನುವುದನ್ನು ಬಿಟ್ಟು ‘ನಮ್ಮಲ್ಲಿ ಹೀಗೆ ಮಾಡಿದೆವು’ ಎಂದು ಹೇಳಲಿ, ಹೇಳಿದ್ದಕ್ಕೆ ಬಾಲಂಗೋಚಿಯಾಗಿ ನಾಲ್ಕು ಸಂಗತಿ ಸೇರಿರಲಿ: ಎಷ್ಟು ಮರಕ್ಕೆ, ಯಾವ ತಿಂಗಳಲ್ಲಿ, ಎಷ್ಟು ಪ್ರಮಾಣ, ಏನೂ ಮಾಡದೆ ಬಿಟ್ಟ ಮರಗಳು ಹೇಗಾದವು. ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಆ ಸಲಹೆಯನ್ನು ಕೇಳಿ ಬರೆದಿಟ್ಟುಕೊಳ್ಳಿ, ಆದರೆ ಇಡೀ ತೋಟಕ್ಕೆ ಹರಡಬೇಡಿ. ಇಪ್ಪತ್ತು ಮರಕ್ಕೆ ಮಾಡಿ, ಪಕ್ಕದ ಅಂಥವೇ ಇಪ್ಪತ್ತು ಮರ ಬಿಡಿ, ಕಾಂಡಕ್ಕೆ ಬಣ್ಣದ ಪಟ್ಟಿ ಬಳಿಯಿರಿ. ಎರಡೂ ಗುಂಪು ಒಂದೇ ತುಂಡಿನಲ್ಲಿರಬೇಕು. ಒಳ್ಳೆಯ ಮರಗಳಿಗೇ ಹೊಸ ಔಷಧಿ ಹಾಕಿ ‘ಫಲ ಬಂತು’ ಎನ್ನುವುದನ್ನು ತುಂಬ ನೋಡಿದ್ದೇನೆ.

ಅಡಿಕೆಯಲ್ಲಿ ಇನ್ನೊಂದು ತೊಡಕಿದೆ. ಭತ್ತದ ಹಾಗೆ ನಾಲ್ಕೈದು ತಿಂಗಳಲ್ಲಿ ಫಲಿತಾಂಶ ಸಿಗುವ ಬೆಳೆಯಲ್ಲ. ಇವತ್ತು ನೀವು ನೋಡುವ ಹಿಂಗಾರದ ಮೊಳಕೆ ಮರದೊಳಗೆ ಬಹಳ ಹಿಂದೆಯೇ ಕೂತಿರುತ್ತದೆ, ಹಿಂಗಾರ ಬಿರಿದ ಮೇಲೂ ಕಾಯಿ ಬಲಿಯಲು ತಿಂಗಳುಗಳು ಬೇಕು. ಈ ವರ್ಷ ಹಾಕಿದ ಗೊಬ್ಬರಕ್ಕೆ ಈ ವರ್ಷದ ಫಸಲಿನಲ್ಲಿ ಉತ್ತರ ಹುಡುಕುವುದು ದಡ್ಡತನ. ಅದರ ಮೇಲೆ ಒಂದು ವರ್ಷ ಹೆಚ್ಚು, ಮರುವರ್ಷ ಕಡಿಮೆ ಎಂಬ ಏರಿಳಿತ ಬೇರೆ. ಅಂಗಡಿಯವರು ಕೊಟ್ಟ ಬಾಟಲಿಯನ್ನು ಕಡಿಮೆ ಫಸಲಿನ ವರ್ಷ ಹಾಕಿದರೆ ಮರುವರ್ಷ ಏರಿಕೆ ಹೇಗೂ ಬರುತ್ತದೆ, ಕೀರ್ತಿ ಬಾಟಲಿಗೆ ಹೋಗುತ್ತದೆ. ಬಿಟ್ಟ ಇಪ್ಪತ್ತು ಮರಗಳಿದ್ದರೆ ಮಾತ್ರ ಈ ಮೋಸ ಹಿಡಿಯಬಹುದು. ಕನಿಷ್ಠ ಮೂರು ಕೊಯ್ಲು ಕಾಯಿರಿ. ಕೊಳೆ, ನೀರು, ಕಾಲುವೆ ಇಂಥವುಗಳ ಫಲ ಅದೇ ವರ್ಷ ಕಾಣುವುದರಿಂದ ಹೊಸ ಗುಂಪು ಅವುಗಳಿಂದ ಶುರುಮಾಡುವುದು ಜಾಣತನ.

ಇಳುವರಿ ಎಷ್ಟು ಕ್ವಿಂಟಲ್ ಎಂದು ಯಾರನ್ನೂ ಕೇಳಬೇಡಿ. ಸಾಲ, ಪಾಲು, ಮಗಳ ಮದುವೆ ಎಲ್ಲ ಆ ಸಂಖ್ಯೆಗೆ ಅಂಟಿಕೊಂಡಿರುತ್ತವೆ, ಹೇಳಿದರೂ ನಿಜ ಹೇಳುವುದಿಲ್ಲ. ನಲವತ್ತು ಮರದಲ್ಲಿ ಎಷ್ಟು ಕೊನೆ ಎಂಬುದು ಎಲ್ಲರ ಕಣ್ಣಿಗೂ ಕಾಣುವ ಲೆಕ್ಕ, ಅಷ್ಟು ಸಾಕು. ಪಟ ಮತ್ತು ಎಣಿಕೆಯನ್ನು ಒಂದೇ ಪುಸ್ತಕದಲ್ಲಿ ಬರೆಯಿರಿ, ಪುಸ್ತಕ ಆಯಾ ತೋಟದ ಮನೆಯಲ್ಲೇ ಇರಲಿ. ವಾಟ್ಸ್ಆ್ಯಪ್ ಗುಂಪಿಗೆ ತೋಟದ ಫೋಟೊ ಹಾಕುವ ಮುಂಚೆ ಯಜಮಾನರನ್ನು ಕೇಳಿ. ರೋಗದ ಮರದ ಚಿತ್ರ ಊರೆಲ್ಲ ಸುತ್ತಿ ಖೇಣಿದಾರರಿಗೆ (ಮರದ ಮೇಲಿನ ಫಸಲನ್ನೇ ಗುತ್ತಿಗೆಗೆ ಕೊಳ್ಳುವವರಿಗೆ) ತಲುಪಿದರೆ ನಾಲ್ಕನೆಯ ಮನೆಯವರ ಜೊತೆ ಐದನೆಯವರೂ ಬಾಗಿಲು ಹಾಕುತ್ತಾರೆ.

ಮರೆಯಬಾರದ ಒಂದು ಎಚ್ಚರ ಕಾಲಿನದು. ಅಡಿಕೆ ಮರಕ್ಕೆ ಹಬ್ಬಿಸುವ ಕಾಳುಮೆಣಸಿನ ಬಳ್ಳಿಯ ಸೊರಗು ರೋಗದ ಶಿಲೀಂಧ್ರ ಮಣ್ಣು ಮತ್ತು ನೀರಿನ ಜೊತೆ ಸಾಗುತ್ತದೆ. ಮಳೆಗಾಲದಲ್ಲಿ ಹನ್ನೆರಡು ಜೊತೆ ಗಂಬೂಟುಗಳು ರೋಗದ ತೋಟದಿಂದ ನೇರ ಆರೋಗ್ಯದ ತೋಟಕ್ಕೆ ಹೋದರೆ ನೀವು ಸಲಹೆಗಿಂತ ರೋಗವನ್ನೇ ಹೆಚ್ಚು ಹಂಚಿದಂತೆ. ಒಂದು ದಿನಕ್ಕೆ ಒಂದೇ ತೋಟ. ಎರಡು ನೋಡಲೇಬೇಕಾದರೆ ಮೊದಲು ಆರೋಗ್ಯದ್ದು, ಆಮೇಲೆ ರೋಗದ್ದು. ಹೊರಡುವಾಗ ಗಂಬೂಟು, ಹಾರೆ, ಕತ್ತಿ ಎಲ್ಲವನ್ನೂ ಅದೇ ತೋಟದ ಅಂಚಿನಲ್ಲಿ ತೊಳೆಯಿರಿ, ಉಳಿದ ಬೋರ್ಡೊ ಇದ್ದರೆ ಗಂಬೂಟು ಮತ್ತು ಹಾರೆಯನ್ನು ಅದರಲ್ಲಿ ಅದ್ದಬಹುದು. ಸೊರಗಿದ ಬಳ್ಳಿಯನ್ನು ‘ಎಲ್ಲರಿಗೂ ತೋರಿಸೋಣ’ ಎಂದು ಕಿತ್ತು ಮನೆಗೆ ತರಬೇಡಿ.

ಇನ್ನು ಇಲಾಖೆಯವರನ್ನು ಕರೆಯುವುದು. ಕರೆಯಿರಿ, ಆದರೆ ಮೊದಲ ಭೇಟಿಗೇ ಬೇಡ. ಅಧಿಕಾರಿ ಬಂದರೆಂದರೆ ಎಲ್ಲರೂ ಸಬ್ಸಿಡಿಯ ಅರ್ಜಿ ಕೇಳುತ್ತಾರೆ, ಅವರು ಯೋಜನೆಗಳ ಪಟ್ಟಿ ಓದುತ್ತಾರೆ, ಮಧ್ಯಾಹ್ನವಾಗುತ್ತದೆ. ಒಂದು ಮಳೆಗಾಲದ ಪಟಗಳು ಕೈಯಲ್ಲಿರಲಿ. ‘ಈ ಮೂಲೆಯಲ್ಲಿ ಕಳೆದ ವರ್ಷ ಮೂರು ಮರ, ಈ ವರ್ಷ ಏಳು ಮರ, ಬುಡದಲ್ಲಿ ಸೋರಿಕೆ ಇಲ್ಲ, ಬೇರುಹುಳ ಸಿಗಲಿಲ್ಲ, ಎಲೆ ತುದಿಯಿಂದ ಹಳದಿ’ ಎಂದು ಹೇಳಿ ನೋಡಿ, ಮಾತಿನ ಮಟ್ಟವೇ ಬದಲಾಗುತ್ತದೆ. ಹಳದಿ ಎಲೆ ರೋಗದ ಸಂಶಯವಿದ್ದರಂತೂ ನೀವೇ ತೀರ್ಮಾನಿಸಬೇಡಿ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ತೋಟಗಳನ್ನೇ ಹಾಳುಮಾಡಿದ ಆ ರೋಗಕ್ಕೆ ಮದ್ದಿಲ್ಲ. ಆ ಹೆಸರು ಸುಮ್ಮನೆ ಬಾಯಿಂದ ಬಿದ್ದರೂ ಒಂದು ಮನೆಯ ನಿದ್ದೆ ಕೆಡುತ್ತದೆ. ಶಿವಮೊಗ್ಗದ ಕೃಷಿ ವಿಜ್ಞಾನ ಕೇಂದ್ರಕ್ಕೋ, ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೋ ನಿಮ್ಮ ಪಟದ ನಕಲಿನೊಂದಿಗೆ ಬರೆದು ತಜ್ಞರನ್ನು ತೋಟಕ್ಕೇ ಕರೆಸಿ.

ಮಣ್ಣಿನ ಪರೀಕ್ಷೆಗೆ ಕೊಡುವುದಿದ್ದರೆ ಹನ್ನೆರಡು ಮನೆಯದ್ದನ್ನೂ ಒಂದೇ ದಿನ ತೆಗೆಯಿರಿ, ಗೊಬ್ಬರ ಹಾಕುವ ಮುಂಚೆ. ಒಂದು ತುಂಡಿನ ಹತ್ತು-ಹದಿನೈದು ಕಡೆಯಿಂದ, ಮೇಲಿನ ಕಸ ಸರಿಸಿ, ಒಂದಡಿ ಆಳದವರೆಗಿನ ಮಣ್ಣು ತೆಗೆದು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರು ಎರಡನ್ನು ಬಿಡುತ್ತ ಅರ್ಧ ಕಿಲೋಗೆ ಇಳಿಸಿ, ನೆರಳಲ್ಲಿ ಒಣಗಿಸಿ ಕೊಡಿ. ವರದಿ ಬಂದ ಮೇಲೆ ಹನ್ನೆರಡನ್ನೂ ಅಕ್ಕಪಕ್ಕ ಇಟ್ಟು ಓದಲು ಒಂದು ಸಂಜೆ ಮೀಸಲಿಡಿ, ಮಲೆನಾಡಿನ ಮಣ್ಣಿನ ಹುಳಿ ನಿಮ್ಮೂರಲ್ಲಿ ಯಾವ ಕಣಿವೆಯಲ್ಲಿ ಎಷ್ಟಿದೆ ಎಂಬುದು ಆಗ ತಿಳಿಯುತ್ತದೆ. ಆ ಸಂಜೆಗೆ ಅಧಿಕಾರಿಯನ್ನು ಕರೆಯಿರಿ, ಸುಣ್ಣ ಎಷ್ಟು ಹಾಕಬೇಕೆಂಬ ಲೆಕ್ಕವನ್ನು ಅವರಿಂದಲೇ ಮಾಡಿಸಿಕೊಳ್ಳಿ.